ಬಿಸಿ ಮಾಡಿದರೆ ಬಿಚ್ಚಿಕೊಳ್ಳುವ ಕತ್ತಿ

ಜಾವಾ ದ್ವೀಪದ ಕೆರಿಸ್ ಎಂಬ ಬಾಕನ್ನು ಕೈಯಲ್ಲಿ ಹಿಡಿದರೆ, ಇದರ ಹಿಡಿ ಯಾಕೋ ಸಡಿಲ ಅನಿಸಬಹುದು. ತುಸು ತಿರುಚಿ ಎಳೆದರೆ ಕಿತ್ತೇ ಬರುತ್ತದೆ. ಒಳಗೆ ಮೊಳೆ ಇಲ್ಲ, ತಿರುಪು ಇಲ್ಲ. ಅಲಗಿನ ಬುಡದಿಂದ ಹೊರಟ ಬೆರಳುದ್ದದ ದುಂಡನೆ ಕಬ್ಬಿಣದ ಕಡ್ಡಿ, ಅದಕ್ಕೆ ಸುತ್ತಿದ ಬಟ್ಟೆಯ ಚೂರು, ಅಷ್ಟೇ. ಈ ಕಡ್ಡಿಗೆ ಅಲ್ಲಿನವರು ‘ಪೆಸಿ’ ಅನ್ನುತ್ತಾರೆ. ನಾವು ಅಲಗಿನ ಬಾಲ ಅನ್ನೋಣ.

ಇದು ಕೆಲಸಗಾರನ ಸೋಮಾರಿತನವಲ್ಲ. ಜಾವಾ ಪಂಚಾಂಗದ ಮೊದಲ ತಿಂಗಳು ‘ಸುರೊ’. ಆಗ ಕೆರಿಸ್‌ಗಳಿಗೆ ಸ್ನಾನ. ನಿಂಬೆರಸದಿಂದ ತುಕ್ಕು ತೆಗೆದು, ಪಾಷಾಣ ಬೆರೆಸಿದ ರಸ ಸವರಿ ಅಲಗಿನ ಮೇಲಿನ ಚಿತ್ತಾರ ಎದ್ದು ಕಾಣುವಂತೆ ಮಾಡುತ್ತಾರೆ. ಹಿಡಿ ಬಿಚ್ಚಲು ಬಾರದಿದ್ದರೆ ಹುಳಿ ರಸ ಅದರೊಳಗೆ ಇಳಿದು ಬಾಲವನ್ನೇ ತಿಂದುಹಾಕುತ್ತಿತ್ತು.

ಸರಿ, ಹೊಡೆದಾಟದಲ್ಲಿ ಹಿಡಿ ಕಳಚಿದರೆ? ಕೆರಿಸ್ ಮುಖ್ಯವಾಗಿ ತಿವಿಯುವ ಆಯುಧ. ತಿವಿದಾಗ ಬಾಲ ಹಿಡಿಯೊಳಕ್ಕೇ ಒತ್ತಿಕೊಳ್ಳುತ್ತದೆ, ಜೋಡಣೆ ಇನ್ನೂ ಬಿಗಿಯಾಗುತ್ತದೆ.

ಬೀಸಿ ಕಡಿಯುವ ಕತ್ತಿಯ ಕಥೆಯೇ ಬೇರೆ. ಕಲ್ಲು ಕಟ್ಟಿದ ಹಗ್ಗ ತಿರುಗಿಸಿದಾಗ ಕಲ್ಲು ಹೊರಕ್ಕೆ ಜಗ್ಗುತ್ತಲ್ವಾ, ಹಾಗೇ ಬೀಸಿದ ಅಲಗೂ ಹಿಡಿಯಿಂದ ಹೊರಕ್ಕೆ ಜಗ್ಗುತ್ತದೆ. ಗುರಿ ತಾಗಿದ ಕ್ಷಣ ಅಡ್ಡಕ್ಕೆ ತಿರುಚಲೂ ನೋಡುತ್ತದೆ. ದಕ್ಷಿಣ ಫಿಲಿಪ್ಪೀನ್ಸಿನ ಮೊರೊ ಜನರ ಕೆರಿಸ್ ಕಡಿಯುವುದಕ್ಕೂ ಆಗುವಂಥ ದೊಡ್ಡ ಕತ್ತಿ. ಅದರ ಬಾಲ ಸಾಮಾನ್ಯವಾಗಿ ದುಂಡಗಿಲ್ಲ, ಚೌಕವಾಗಿದೆ. ದುಂಡನೆಯದು ಹಿಡಿಯೊಳಗೆ ತಿರುಗಬಹುದು, ಚೌಕದ್ದು ತಿರುಗುವುದಿಲ್ಲ. ಜೊತೆಗೆ ‘ಅಸಾಂಗ್-ಅಸಾಂಗ್’ ಅನ್ನುವ ಲೋಹದ ಪಟ್ಟಿ ಅಲಗಿನ ಬುಡವನ್ನು ತಬ್ಬಿಕೊಂಡು ಹಿಡಿಯೊಳಕ್ಕೆ ಹೋಗುತ್ತದೆ.

ಇಷ್ಟೆಲ್ಲ ಇದ್ದರೂ ಒಳಗೆ ಕಚ್ಚಿ ಹಿಡಿಯುವುದು ಅಂಟು. ಎಲ್ಲೆಡೆ ಅಂಟು ಒಂದೇ ಅಲ್ಲ. ಕೆಲವು ಕಡೆ ಮರದ ರಾಳ. ಥಾಯ್ಲೆಂಡಿನ ‘ದಾಬ್’ ಕತ್ತಿಗೆ ಅರಗು ಬಳಸುತ್ತಾರೆ, ಮಲಯದವರೂ ಕತ್ತಿ ಮಚ್ಚುಗಳ ಹಿಡಿಗೆ ಅದನ್ನೇ ಹಾಕುತ್ತಾರೆ. ಹೌದು, ಅದೇ ಅರಗು. ಪಾಂಡವರ ಮನೆಗೆ ಬಳಿದದ್ದು, ಚನ್ನಪಟ್ಟಣದ ಬೊಂಬೆಗೆ ಹೊಳಪು ಕೊಡುವುದು. ಮರದ ರಸ ಹೀರುವ ಪುಟ್ಟ ಕೀಟ ತನ್ನ ಮೈ ಮುಚ್ಚಿಕೊಳ್ಳಲು ಸುರಿಸುವ ವಸ್ತು ಅದು.

ಒಂದು ಕೀಟದ ಅಂಟು ಕತ್ತಿಯನ್ನು ತಡೆಯುತ್ತಾ? ಸುಮ್ನೆ ಒಂದು ಲೆಕ್ಕ ಹಾಕೋಣ. ಅಲಗು 600 ಗ್ರಾಂ, ಅದರ ನಡುಭಾಗ ಸೆಕೆಂಡಿಗೆ 10 ಮೀಟರ್ ವೇಗದಲ್ಲಿ, 60 ಸೆಂಟಿಮೀಟರ್ ದೂರದಲ್ಲಿ ಸುತ್ತುತ್ತಿದೆ ಅಂದುಕೊಳ್ಳಿ. ಹೊರಕ್ಕೆ ಜಗ್ಗುವ ಬಲ 10 ಕಿಲೋ ತೂಗುಹಾಕಿದಷ್ಟು. ಬಾಲ 10 ಸೆಂಟಿಮೀಟರ್ ಉದ್ದ, ನಾಲ್ಕು ಮುಖವೂ 8 ಮಿಲಿಮೀಟರ್ ಅಗಲ ಇದ್ದರೆ ಅಂಟು ತಾಗುವ ಜಾಗ 32 ಚದರ ಸೆಂಟಿಮೀಟರ್. ಹಂಚಿದರೆ ಒಂದೊಂದು ಚದರ ಸೆಂಟಿಮೀಟರಿಗೆ ಬರುವುದು ಸುಮಾರು 300 ಗ್ರಾಂ ಮಾತ್ರ! ಅರಗಿಗೆ ಅದು ಲೆಕ್ಕಕ್ಕೇ ಇಲ್ಲ.

ಅರಗಿನ ನಿಜವಾದ ದೋಷ ಬೇರೆ: ಗಾಜಿನಂತೆ ಪೆಡಸು, ಏಟು ಬಿದ್ದರೆ ಬಿರುಕು ಬಿಡುತ್ತದೆ. ಅದಕ್ಕೇ ಇಟ್ಟಿಗೆ ಪುಡಿ, ಬೂದಿ ಇಂಥದ್ದನ್ನು ಬೆರೆಸುತ್ತಾರೆ. ಬಿರುಕು ಹೊರಟರೂ ಪುಡಿಯ ಕಣ ಅಡ್ಡ ಬರುತ್ತದೆ, ಆರುವಾಗ ಕುಗ್ಗುವುದೂ ಕಡಿಮೆ. ಜಲ್ಲಿ ಹಾಕಿದ ಕಾಂಕ್ರೀಟ್ ಇದ್ದ ಹಾಗೆ. ಮಳೆ, ಸೆಕೆಗೆ ಮರದ ಹಿಡಿ ಸೀಳದಂತೆ ಬಾಯಿಗೆ ಲೋಹದ ಬಳೆ ಅಥವಾ ಬೆತ್ತದ ಹೆಣಿಗೆ.

ನನಗೆ ಎಲ್ಲಕ್ಕಿಂತ ಜಾಣತನ ಅನಿಸಿದ್ದು ಬಿಸಿಯ ಲೆಕ್ಕ. ಕೆಂಪಗೆ ಕಾಯಿಸಿ ಅದ್ದಿ ಗಟ್ಟಿ ಮಾಡಿದ ಉಕ್ಕಿನ ಅಂಚು ಸುಮಾರು 200 ಡಿಗ್ರಿ ದಾಟಿದರೆ ಮೆತ್ತಗಾಗತೊಡಗುತ್ತದೆ. ಅರಗು ಕರಗುವುದು 75–80 ಡಿಗ್ರಿಯ ಆಸುಪಾಸಿನಲ್ಲಿ. ನಡುವೆ ನೂರಕ್ಕೂ ಜಾಸ್ತಿ ಡಿಗ್ರಿಗಳ ಅಂತರ. ಹಾಗಾಗಿ ಅಂಚಿನ ಹದ ಕೆಡಿಸದೆ ಹಿಡಿ ಕೂರಿಸಬಹುದು, ಬೇಕೆಂದಾಗ ಬಿಚ್ಚಲೂಬಹುದು. ಕೂರಿಸುವಾಗ ಹಿಡಿಯ ತೂತಿಗೆ ಅರಗಿನ ಪುಡಿ ತುಂಬಿ, ಬಾಲವನ್ನು ಮಾತ್ರ ಕಾಯಿಸಿ ಒಳಕ್ಕೆ ತಳ್ಳುತ್ತಾರೆ. ಕರಗಿದ ಅರಗು ಬಾಯಿಂದ ಉಕ್ಕಿ ಬರುತ್ತದೆ. ಅಲಗು ನೆಟ್ಟಗಿದೆಯಾ ಅಂತ ಕಣ್ಣಳತೆಯಲ್ಲಿ ನೋಡಿ ಸರಿಪಡಿಸಲು ಸಿಗುವುದು ಅದು ಆರುವಷ್ಟೇ ಹೊತ್ತು.

ವರ್ಷಗಳ ಮೇಲೆ ಹಿಡಿ ಸೀಳಿದರೆ ಬುಡಕ್ಕೆ ಮೆಲ್ಲಗೆ ಬಿಸಿ ತಾಗಿಸಿ, ಕಳಚಿ, ಹೊಸದು ಹಾಕಿದರಾಯಿತು. ಆದರೆ ಹಳೇ ಅರಗನ್ನು ಎಷ್ಟು ಸಲವಾದರೂ ಕರಗಿಸಬಹುದು ಅಂದುಕೊಳ್ಳಬೇಡಿ. ಮತ್ತೆ ಮತ್ತೆ ಕಾಯಿಸಿದರೆ ಅದರ ಅಣುಗಳು ಒಂದಕ್ಕೊಂದು ಹೆಣೆದುಕೊಂಡು, ಕೊನೆಗೆ ಕರಗುವುದನ್ನೇ ಬಿಟ್ಟುಬಿಡುತ್ತದೆ. ಆಗ ಕೆರೆದು ತೆಗೆದು ಹೊಸ ಅರಗು ತುಂಬಬೇಕು.