ಓದಿದವರು ಹೊರಟುಹೋದರೆ ರಷ್ಯಾ ಏನಾಗುತ್ತದೆ?

ಪ್ರಶ್ನೆ: ಉಕ್ರೇನ್ ಯುದ್ಧ ಶುರುವಾದ ಮೇಲೆ ಲಕ್ಷಗಟ್ಟಲೆ ಓದಿದ ರಷ್ಯನ್ನರು ದೇಶ ಬಿಟ್ಟರು ಅಂತಾರೆ. ಆದರೂ ಆ ದೇಶ ನಡೆಯುತ್ತಲೇ ಇದೆಯಲ್ಲ, ಹೇಗೆ? ಮುಂದೇನು?

ಉತ್ತರ: ಇದೊಂದೇ ಕಾರಣಕ್ಕೆ ರಷ್ಯಾ ನಾಳೆಯೇ ಕುಸಿಯುವುದಿಲ್ಲ. ಅದರ ಖಜಾನೆಗೆ ದೊಡ್ಡ ಪಾಲು ಬರುವುದು ತೈಲ, ಅನಿಲದಿಂದ. ಪ್ರೋಗ್ರಾಮರ್‌ಗಳು ಹೋದರು ಅಂತ ಸೈಬೀರಿಯಾದ ತೈಲಬಾವಿ ನಿಲ್ಲುವುದಿಲ್ಲ, ಅಲ್ವಾ? ಪೆಟ್ಟು ಬೀಳುವುದು ನಿಧಾನವಾಗಿ.

ಹೋದವರು ಎರಡು ಅಲೆಯಲ್ಲಿ ಹೋದರು. 2022ರ ಫೆಬ್ರವರಿ–ಮಾರ್ಚ್‌ನಲ್ಲಿ ಪತ್ರಕರ್ತರು, ಐಟಿಯವರು, ಯುದ್ಧ ಬೇಡವೆಂದವರು ಅರ್ಮೇನಿಯಾದ ಯೆರೆವಾನ್, ಜಾರ್ಜಿಯಾದ ತ್ಬಿಲಿಸಿ, ಟರ್ಕಿಯ ಇಸ್ತಾಂಬುಲ್‌ಗೆ ಹೊರಟರು. ಸೆಪ್ಟೆಂಬರ್ 21ರಂದು 3 ಲಕ್ಷ ಮಂದಿಯನ್ನು ಸೇನೆಗೆ ಕರೆಯುವ ಘೋಷಣೆ ಬಂತು. ಜಾರ್ಜಿಯಾ ಗಡಿಯ ವೆರ್ಖ್ನಿ ಲಾರ್ಸ್‌ನಲ್ಲಿ ಕಾರುಗಳು ಕಿಲೋಮೀಟರ್‌ಗಟ್ಟಲೆ ಸಾಲುಗಟ್ಟಿದವು. ಅಲ್ಲಿ ನಡೆದು ದಾಟಲು ಬಿಡುತ್ತಿರಲಿಲ್ಲ, ಹಾಗಾಗಿ ಎಷ್ಟೋ ಜನ ಸಿಕ್ಕ ಸೈಕಲ್ ಹಿಡಿದು ದಾಟಿದರು. ಕಜಕಸ್ತಾನಕ್ಕೆ ಎರಡೇ ವಾರದಲ್ಲಿ ಸುಮಾರು 2 ಲಕ್ಷ ಮಂದಿ ಹೋದರು. ಆ ವರ್ಷ ಸುಮಾರು 1 ಲಕ್ಷ ಐಟಿ ಪರಿಣತರು ಹೊರಗೆ ಹೋದರೆಂದು ಡಿಸೆಂಬರ್‌ನಲ್ಲಿ ಮಂತ್ರಿ ಮಕ್ಸುತ್ ಶಾದಾಯೆವ್ ಅವರೇ ಹೇಳಿದರು. ವೀಸಾ, ಬ್ಯಾಂಕ್ ಖಾತೆ, ಬಾಡಿಗೆಯ ಕಷ್ಟ ತಾಳಲಾರದೆ ಕೆಲವರು ವಾಪಸಾದದ್ದೂ ನಿಜ.

ನನಗೆ ಹೆಚ್ಚು ಸಂಕಟ ತರುವುದು ಉಳಿದುಕೊಂಡವರ ಸ್ಥಿತಿ. ನೊವೊಸಿಬಿರ್ಸ್ಕ್‌ನ ಲೇಸರ್ ವಿಜ್ಞಾನಿ ದ್ಮಿತ್ರಿ ಕೋಲ್ಕರ್ ಕ್ಯಾನ್ಸರ್‌ನ ಕೊನೆಯ ಹಂತದಲ್ಲಿದ್ದರು. 2022ರ ಜೂನ್ ಕೊನೆಗೆ ದೇಶದ್ರೋಹದ, ಅಂದರೆ ದೇಶದ ಗುಟ್ಟನ್ನು ಹೊರದೇಶಕ್ಕೆ ಕೊಟ್ಟ ಆರೋಪ ಹೊರಿಸಿ, ಆಸ್ಪತ್ರೆಯಿಂದಲೇ ಅವರನ್ನು ಮಾಸ್ಕೋದ ಜೈಲಿಗೆ ಒಯ್ದರು. ಎರಡೇ ದಿನದಲ್ಲಿ ತೀರಿಕೊಂಡರು. ಅದೇ ಊರಿನ ಇನ್ನೊಬ್ಬ ವಿಜ್ಞಾನಿ ಅನಟೋಲಿ ಮಾಸ್ಲೊವ್ ಅವರಿಗೆ ಅಂಥದ್ದೇ ಆರೋಪದ ಮೇಲೆ 2024ರಲ್ಲಿ 14 ವರ್ಷ ಶಿಕ್ಷೆಯಾಯಿತು. ಆಗ ಅವರಿಗೆ 77 ವಯಸ್ಸು. ಇದನ್ನು ನೋಡಿದ ಇಪ್ಪತ್ತೈದರ ಸಂಶೋಧಕ ಯಾವ ಧೈರ್ಯದಲ್ಲಿ ವಿದೇಶದ ಸಮ್ಮೇಳನದಲ್ಲಿ ಪ್ರಬಂಧ ಓದುತ್ತಾನೆ?

ಹಿಂದೆಯೂ ಹೀಗಾಗಿತ್ತು, ರಷ್ಯಾ ಮೇಲೆದ್ದಿತ್ತು ಅಂತ ನೀವು ಹೇಳಬಹುದು. 1922ರಲ್ಲಿ ಲೆನಿನ್ ಸರ್ಕಾರ ಬೆರ್ಡ್ಯಾಯೆವ್‌ರಂಥ ಚಿಂತಕರನ್ನು ಹಡಗು ಹತ್ತಿಸಿ ಹೊರಗಟ್ಟಿತು. ಹೆಲಿಕಾಪ್ಟರ್ ಖ್ಯಾತಿಯ ಸಿಕೋರ್ಸ್ಕಿ ಅದಕ್ಕೂ ಮೊದಲೇ ಅಮೆರಿಕ ಸೇರಿದ್ದರು. ಆದರೂ 1957ರಲ್ಲಿ ಜಗತ್ತಿನ ಮೊದಲ ಕೃತಕ ಉಪಗ್ರಹ ಸ್ಪುಟ್ನಿಕ್ ಹಾರಿತು. ಆದರೆ ಆಗ ಮನೆತುಂಬ ಮಕ್ಕಳಿದ್ದರು. ಹೋದವರ ಜಾಗಕ್ಕೆ ಹೊಸ ಪೀಳಿಗೆಯನ್ನು ಓದಿಸಿ ತಯಾರು ಮಾಡಲಾಯಿತು. ಈಗ ಆ ಅನುಕೂಲ ಇಲ್ಲ. 2024ರಲ್ಲಿ ಸುಮಾರು 12.2 ಲಕ್ಷ ಮಕ್ಕಳು ಮಾತ್ರ ಹುಟ್ಟಿದರು, ಕಾಲು ಶತಮಾನದಲ್ಲೇ ಇದು ಕಡಿಮೆ. ನಿರುದ್ಯೋಗ ಶೇ. 3ಕ್ಕಿಂತ ಕೆಳಗಿದೆ. ಕೇಳಲು ಚೆನ್ನಾಗಿದೆ, ಆದರೆ ಕೆಲಸಕ್ಕೆ ಜನ ಸಿಗುತ್ತಿಲ್ಲ ಅಂತಲೂ ಅದರ ಅರ್ಥ. ಇದ್ದವರಲ್ಲೂ ಜಾಸ್ತಿ ಜನರನ್ನು ಸೇನೆ, ಶಸ್ತ್ರ ಕಾರ್ಖಾನೆಗಳೇ ಎಳೆದುಕೊಳ್ಳುತ್ತಿವೆ. ಹಾಗಾಗಿ ರಷ್ಯಾ ಕ್ಷಿಪಣಿ ಮಾಡುತ್ತಲೇ ಇರುತ್ತದೆ. ಹೊಸ ಔಷಧ, ಚಿಪ್, ಒಳ್ಳೆಯ ಕಂಪನಿಗಳಲ್ಲಿ ಹಿಂದೆ ಬೀಳುತ್ತಾ ಹೋಗುತ್ತದೆ ಅನ್ನುವುದು ನನ್ನ ಅಂದಾಜು. ರಷ್ಯಾದ ದೊಡ್ಡ ಸರ್ಚ್ ಎಂಜಿನ್ ಕಂಪನಿ ಯಾಂಡೆಕ್ಸ್ ಕಟ್ಟಿದ ಅರ್ಕಾಡಿ ವೊಲೋಜ್ 2023ರಲ್ಲಿ ಯುದ್ಧವನ್ನು ಬಹಿರಂಗವಾಗಿ ಖಂಡಿಸಿದರು. ಅವರ ಹೊಸ ಕಂಪನಿ ನೆಬಿಯಸ್ ಇರುವುದು ಆಮ್‌ಸ್ಟರ್‌ಡ್ಯಾಮ್‌ನಲ್ಲಿ.

ನಮ್ಮಿಂದಲೂ ಜನ ಅಮೆರಿಕಕ್ಕೆ ಹೋಗುತ್ತಾರಲ್ಲ ಅನ್ನಬಹುದು. ಅವರು ಮನೆಗೆ ದುಡ್ಡು ಕಳಿಸುತ್ತಾರೆ, ಬಂದು ಹೋಗುತ್ತಾರೆ, ಕೆಲವರು ಬೆಂಗಳೂರಿಗೇ ಮರಳಿ ಕಂಪನಿ ತೆರೆಯುತ್ತಾರೆ. ರಷ್ಯಾದಲ್ಲಿ 2023ರ ಏಪ್ರಿಲ್‌ನಲ್ಲಿ ಹೊಸ ಕಾನೂನು ಬಂತು. ಸೇನೆಯ ನೋಟಿಸ್ ಆನ್‌ಲೈನ್ ಖಾತೆಗೆ ಬಂದು ಬಿದ್ದರೂ ಸಾಕು, ದೇಶ ಬಿಡುವಂತಿಲ್ಲ. ಅಮ್ಮನನ್ನು ನೋಡಲು ಬಂದ ಮಗ ಅಲ್ಲೇ ಸಿಕ್ಕಿಬೀಳಬಹುದು. ಈ ಭಯ ಹೋಗುವ ತನಕ ಅವರಲ್ಲಿ ಬಹಳಷ್ಟು ಜನ ಮರಳುವುದಿಲ್ಲ.