ನೆತ್ತಿ ಉಬ್ಬಿದಾಗ: ಎಳೆ ಮಕ್ಕಳ ತಲೆಯೊಳಗಿನ ಒತ್ತಡ

ನಮ್ಮ ಕುಂಬಳೆ, ಬದಿಯಡ್ಕ ಕಡೆ ಮಗುವನ್ನು ಮೀಯಿಸುವ ಮೊದಲು ಅಜ್ಜಿ ನೆತ್ತಿಗೆ ಎಣ್ಣೆ ತಟ್ಟುತ್ತಾರೆ. ನೆತ್ತಿ ದಿನವೂ ಎಷ್ಟು ಮೆತ್ತಗಿರುತ್ತದೆ ಅಂತ ಆ ಬೆರಳುಗಳಿಗೆ ಗೊತ್ತು. ನರ್ಸಿಂಗ್ ಓದುವ ನಾವು ಕಲಿಯಬೇಕಾದದ್ದೂ ಅದನ್ನೇ. ಮಗು ಅಳದೆ ಕೂತಿರುವಾಗಲೂ ನೆತ್ತಿ ಉಬ್ಬಿ ಬಿಗಿಯಾಗಿದ್ದರೆ, ಒಳಗೆ ಒತ್ತಡ ಏರಿರಬಹುದು. ಜೊತೆಗೆ ವಾಂತಿ, ಮಂಕು, ಕೀರಲು ಅಳು ಇದ್ದರಂತೂ ತಡ ಮಾಡಬಾರದು.

ಬಲಿತ ತೆಂಗಿನಕಾಯಿ ನೆನಪಿಸಿಕೊಳ್ಳಿ. ಗೆರಟೆ ಹಿಗ್ಗುವುದಿಲ್ಲ ಅಲ್ವಾ? ತಲೆಬುರುಡೆಯೊಳಗೆ ನೂರರಲ್ಲಿ ಸುಮಾರು 80 ಪಾಲು ಮಿದುಳು, 10 ಪಾಲು ರಕ್ತ, 10 ಪಾಲು ಮಿದುಳಿನ ಸುತ್ತಮುತ್ತ ಇರುವ ಸಿಎಸ್‌ಎಫ್ ಎಂಬ ನೀರು. ಒಂದು ಜಾಸ್ತಿಯಾದರೆ ಇನ್ನೊಂದು ಜಾಗ ಬಿಡಬೇಕು. ಬಿಡಲು ಜಾಗವೇ ಇಲ್ಲದಾಗ ಒತ್ತಡ ಒಮ್ಮೆಲೇ ಏರುತ್ತದೆ. ಸ್ಕಾಟ್ಲೆಂಡಿನ ವೈದ್ಯರಾದ ಮನ್ರೊ 1783ರಲ್ಲಿ, ಕೆಲ್ಲಿ 1824ರಲ್ಲಿ ತೋರಿಸಿಕೊಟ್ಟ ದಾರಿ ಇದು. ಎಳೆ ಮಗುವಿನ ತಲೆ ಮಾತ್ರ ಬೊಂಡದ ಹಾಗೆ, ಇನ್ನೂ ಗಟ್ಟಿಯಾಗಿಲ್ಲ. ಒತ್ತಡ ನಿಧಾನಕ್ಕೆ ಏರಿದರೆ ತಲೆಯೇ ದೊಡ್ಡದಾಗುತ್ತದೆ. ಅದಕ್ಕೇ ಪ್ರತಿ ಸಲವೂ ಟೇಪು ಹಿಡಿದು ಸುತ್ತಳತೆ ಬರೆಯುವುದು.

ಚಿಕಿತ್ಸೆ ಅಂದ ಕೂಡಲೇ ನಾವೆಲ್ಲ ಮ್ಯಾನಿಟಾಲ್ ಅಂತ ಬರೆಯುತ್ತೇವೆ, ಅಂದರೆ ಮಿದುಳಿನ ನೀರೆಳೆದು ಒತ್ತಡ ಇಳಿಸಲು ರಕ್ತನಾಳಕ್ಕೆ ಕೊಡುವ ಔಷಧಿ. ಅದಕ್ಕೂ ಮೊದಲು ಉಸಿರು, ಆಮ್ಲಜನಕ, ಬಿಪಿ ನೋಡಬೇಕು. ತಲೆಯ ಕಡೆ 30 ಡಿಗ್ರಿ ಎತ್ತರಿಸಿ, ಕತ್ತು ನೇರ ಇಡಬೇಕು. ಕತ್ತು ಒಂದು ಬದಿಗೆ ತಿರುಚಿದರೆ ಅಲ್ಲಿನ ರಕ್ತನಾಳ ಒತ್ತಿ, ತಲೆಯಿಂದ ರಕ್ತ ಸರಿಯಾಗಿ ಇಳಿಯುವುದಿಲ್ಲ. ಜ್ವರ ಇಳಿಸಿ, ಫಿಟ್ಸ್ ನಿಲ್ಲಿಸಬೇಕು.

ಡಾಕ್ಟರು ಮ್ಯಾನಿಟಾಲ್ ಹೇಳಿದರೆ ಲೆಕ್ಕ ಹೀಗೆ: 10 ಕಿಲೋ ಮಗು, ಕಿಲೋಗೆ ಅರ್ಧ ಗ್ರಾಂ, ಒಟ್ಟು 5 ಗ್ರಾಂ. 20 ಶೇಕಡಾ ಬಾಟಲಿಯಲ್ಲಿ ಅದು 25 ಎಂಎಲ್, 20ರಿಂದ 30 ನಿಮಿಷದಲ್ಲಿ. ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ. ತಣ್ಣಗಾದರೆ ಹರಳುಗಟ್ಟುತ್ತದೆ, ಹರಳಿದ್ದರೆ ಹಾಗೇ ಕೊಡಬಾರದು. ಮೂತ್ರ ಜಾಸ್ತಿ ಹೋಗಿ ಬಿಪಿ ಇಳಿಯಬಹುದು. ಬಿಪಿ ಮೊದಲೇ ಕಡಿಮೆ ಇದ್ದರೆ 3 ಶೇಕಡಾ ಸಲೈನ್ (ಗಾಢ ಉಪ್ಪುನೀರು) ಕಡೆ ಒಲವು ಜಾಸ್ತಿ. ಸರಾಸರಿ ಬಿಪಿಯಲ್ಲಿ ಒಳಗಿನ ಒತ್ತಡ ಕಳೆದರೆ ಉಳಿಯುವುದೇ ಮಿದುಳಿಗೆ ರಕ್ತ ತಳ್ಳುವ ಬಲ. ಬಿಪಿ ಅಳೆಯುವ ಎಂಎಂ ಪಾದರಸದ ಲೆಕ್ಕದಲ್ಲೇ 55ರಲ್ಲಿ 20 ಹೋದರೆ 35. ಮಕ್ಕಳಲ್ಲಿ ಅದು 40ಕ್ಕಿಂತ ಕೆಳಗಿಳಿಯಬಾರದು.

ನೀರು ತುಂಬಿ ತಲೆ ದೊಡ್ಡದಾದ ಮಗುವಿಗೆ ಔಷಧಿ ಸ್ವಲ್ಪ ಸಮಯ ಕೊಡುತ್ತದೆ, ಅಷ್ಟೇ. ಅನೇಕರಿಗೆ ನೀರನ್ನು ಹೊಟ್ಟೆಗೆ ಇಳಿಸುವ ಷಂಟ್ ಕೊಳವೆ ಹಾಕಬೇಕಾಗುತ್ತದೆ. ಷಂಟ್ ಇರುವ ಮಗು ವಾಂತಿ ಮಾಡಿ ಮಂಕಾದರೆ, ಅಜೀರ್ಣ ಅಂತ ಸುಮ್ನೆ ಮನೆಯಲ್ಲಿ ಇಟ್ಟುಕೊಳ್ಳಬಾರದು. ಮಂಗಳೂರಿಗೆ ಕಳಿಸುವಾಗ ಆಂಬ್ಯುಲೆನ್ಸಿನಲ್ಲೂ ತಲೆ ಎತ್ತರ, ಕತ್ತು ನೇರ. ಅಮ್ಮನ ಹೆಗಲ ಮೇಲೆ ಕತ್ತು ವಾಲಿಸಿ ಮಲಗಿಸಬೇಡಿ ಅಂತ ಹೊರಡುವ ಮೊದಲೇ ಹೇಳಿ, ಎರಡು ಟವೆಲ್ ಸುತ್ತಿ ತಲೆಯ ಎರಡೂ ಬದಿಗೆ ಇಟ್ಟುಕೊಡಿ.