ಕೂಸು ಹಿಡಿಯುವ ಹುಡುಗಿ ಮತ್ತು ಪೌರನೀತಿಯ ಪಾಠ

ಬಸವನ ಬಾಗೇವಾಡಿ ತಾಲ್ಲೂಕಿನ ಒಂದು ಸರ್ಕಾರಿ ಶಾಲೆ. ಆರನೇ ತರಗತಿಗೆ ಅಕ್ಕೋರು ಸಂವಿಧಾನದ ಪಾಠ ಮಾಡುತ್ತಿದ್ದರು. ಬಾಗಿಲ ಹತ್ತಿರ ಕೂತಿದ್ದ ಹುಡುಗಿಯ ತೊಡೆ ಮೇಲೆ ಒಂದೂವರೆ ವರ್ಷದ ತಮ್ಮ. ಅವನು ಪುಸ್ತಕದ ಹಾಳೆ ಹಿಡಿದೆಳೆದಾಗಲೆಲ್ಲ ಇವಳು ಒಂದೊಂದೇ ಬೆರಳು ಬಿಡಿಸುತ್ತಿದ್ದಳು. ಅತ್ತಾಗ ಎತ್ತಿಕೊಂಡು ಹೊರಗೆ ಹೋದಳು. ಅವ್ವ ಕಳೆ ತೆಗೆಯಲು ಹೋದ ದಿನವೆಲ್ಲ ಹೀಗೇ ಅಂತ ಅಕ್ಕೋರು ಹೇಳಿದರು. ಸಮಾನತೆಯ ಪಾಠ ಮುಗಿಯುವಾಗ ಹುಡುಗಿ ಇನ್ನೂ ಬೇವಿನ ಗಿಡದ ಕೆಳಗೇ ಇದ್ದಳು.

ನಮ್ಮ ಕಡೆ ಕಾಳಜಿ ಅನ್ನೋ ಮಾತಿಗೆ ಎರಡು ಅರ್ಥ. "ಕಾಳಜಿ ಮಾಡಬ್ಯಾಡ" ಅಂದರೆ ಚಿಂತೆ ಮಾಡಬೇಡ ಅಂತ. "ಕೂಸಿನ ಕಾಳಜಿ ತಗೋ" ಅಂದರೆ ಉಣ್ಣಿಸು, ತೊಳಿ, ಮಲಗಿಸು ಅಂತ. ಚಿಂತೆ ಯಾರು ಬೇಕಾದರೂ ಮಾಡಬಹುದು. ಕೈಯಾರೆ ಮಾಡುವವರು ಯಾರು? ಸ್ತ್ರೀವಾದಿ ಚಿಂತಕಿಯರು ನಲವತ್ತು ವರ್ಷಗಳಿಂದ ಶಾಲೆಗೂ ಪ್ರಜಾಪ್ರಭುತ್ವಕ್ಕೂ ಕೇಳುತ್ತಿರುವುದು ಇದನ್ನೇ.

ಮಾತು ಶುರುವಾದದ್ದು ಅಮೆರಿಕದಲ್ಲಿ. ಲಾರೆನ್ಸ್ ಕೋಲ್‌ಬರ್ಗ್ ಅನ್ನೋ ಮನಶ್ಶಾಸ್ತ್ರಜ್ಞರು ಮಕ್ಕಳಲ್ಲಿ ನೀತಿ ಹೇಗೆ ಬೆಳೆಯುತ್ತೆ ಅಂತ ಮೆಟ್ಟಿಲು ಮೆಟ್ಟಿಲಾಗಿ ಅಳೆದಿದ್ದರು. ಆದರೆ ಆ ಅಳತೆಗೋಲು ತಯಾರಾದದ್ದು ಬರೀ ಗಂಡುಹುಡುಗರ ಉತ್ತರಗಳಿಂದ. 1982ರಲ್ಲಿ ಮನಶ್ಶಾಸ್ತ್ರಜ್ಞೆ ಕ್ಯಾರಲ್ ಗಿಲಿಗನ್ ಇದನ್ನು ಎತ್ತಿ ತೋರಿಸಿದರು. ಕೋಲ್‌ಬರ್ಗ್ ಮಕ್ಕಳಿಗೆ ಕೇಳುತ್ತಿದ್ದ ಒಂದು ಪ್ರಶ್ನೆ ಇದು: ಹೆಂಡತಿ ಸಾಯುತ್ತಿದ್ದಾಳೆ, ಔಷಧಿ ಕೊಳ್ಳಲು ದುಡ್ಡು ಸಾಲದು, ಗಂಡ ಕದಿಯಬೇಕಾ? ಹನ್ನೊಂದು ವರ್ಷದ ಹುಡುಗ ಲೆಕ್ಕ ಬಿಡಿಸಿದ ಹಾಗೆ ಹೇಳಿದ: ದುಡ್ಡಿಗಿಂತ ಜೀವ ದೊಡ್ಡದು, ಕದಿಯಲಿ. ಅದೇ ವಯಸ್ಸಿನ ಹುಡುಗಿ, ಕದ್ದು ಜೈಲಿಗೆ ಹೋದರೆ ಆಮೇಲೆ ಅವಳನ್ನು ನೋಡಿಕೊಳ್ಳುವವರು ಯಾರು, ಸಾಲವೋ ಸೋಲವೋ ಮಾಡಿ ಬೇರೆ ದಾರಿ ಹುಡುಕಲಿ ಅಂದಳು. ಕೋಲ್‌ಬರ್ಗ್ ಮೆಟ್ಟಿಲಿನಲ್ಲಿ ಹುಡುಗಿ ಕೆಳಗೆ. ನನಗಂತೂ ಅವಳ ಉತ್ತರದಲ್ಲೇ ಸಂಸಾರ ನೋಡಿದ ಬುದ್ಧಿ ಜಾಸ್ತಿ ಕಾಣುತ್ತೆ.

ಇದನ್ನು ಶಾಲೆಯೊಳಗೆ ತಂದವರು ಶಿಕ್ಷಣ ಚಿಂತಕಿ ನೆಲ್ ನಾಡಿಂಗ್ಸ್. ಸ್ವತಃ ಗಣಿತ ಕಲಿಸಿದವರು. ಕಾಳಜಿ ಮಾಡಿದೆ ಅಂತ ಮೇಷ್ಟ್ರು ಅಂದುಕೊಂಡರೆ ಸಾಲದು, ಅದು ಮಗುವಿಗೆ ಮುಟ್ಟಬೇಕು ಅಂತ 1984ರಲ್ಲಿ ಬರೆದರು.

ಆಗ ಸ್ತ್ರೀವಾದಿಗಳಲ್ಲೇ ತಕರಾರು ಎದ್ದಿತು. ಕಾಳಜಿ ಹೆಣ್ಣಿನ ಗುಣ ಅಂತ ಹೊಗಳಿ ಮತ್ತೆ ಒಲೆ ಮುಂದೆ ಕೂರಿಸುತ್ತೀರಾ ಅಂತ. ತಕರಾರು ಸರಿಯಾಗಿಯೇ ಇತ್ತು. ರಾಜಕೀಯ ಚಿಂತಕಿ ಜೋನ್ ಟ್ರೊಂಟೊ ಮಾತನ್ನು ಅಲ್ಲಿಂದ ಮುಂದೆ ಒಯ್ದರು. ಕಾಳಜಿ ಸ್ವಭಾವವಲ್ಲ, ಕೆಲಸ. ಆ ಕೆಲಸ ಯಾರ ಪಾಲಿಗೆ ಎಷ್ಟು ಅಂತ ಎಲ್ಲರೂ ಕೂತು ತೀರ್ಮಾನಿಸುವುದೇ ಪ್ರಜಾಪ್ರಭುತ್ವದ ಮುಖ್ಯ ಕೆಲಸ ಅಂತ 2013ರ ಪುಸ್ತಕದಲ್ಲಿ ವಾದಿಸಿದರು.

ಈ ನೆಲಕ್ಕೆ ಇದು ತೀರಾ ಹೊಸ ಮಾತೇನಲ್ಲ. ದಾಸೋಹ ಅನ್ನೋ ಪದ ಇಲ್ಲಿನ ಬಾಯಲ್ಲಿ ನೂರಾರು ವರ್ಷಗಳಿಂದ ಇದೆ. ಶಾಲೆಯ ಬಿಸಿಯೂಟಕ್ಕೂ ಅಕ್ಷರ ದಾಸೋಹ ಅಂತಲೇ ಹೆಸರಿಟ್ಟರು. 2002-03ರಲ್ಲಿ ಅದು ಮೊದಲು ಶುರುವಾದ ಜಿಲ್ಲೆಗಳಲ್ಲಿ ವಿಜಯಪುರ, ಬಾಗಲಕೋಟೆಯೂ ಇದ್ದವು. ಆದರೆ ಅಡುಗೆ ಮಾಡುವ ಅಕ್ಕನಿಗೆ ಸಿಗುವುದು ಸಂಬಳ ಅಲ್ಲ, ಗೌರವಧನ. ತಾಯಿಯ ಹಾಗೆ ಬಡಿಸುತ್ತಾಳೆ ಅಂತ ಭಾಷಣದಲ್ಲಿ ಹೇಳುತ್ತೇವೆ. ಆ ಹೊಗಳಿಕೆಯ ಹಿಂದೆಯೇ ಅವಳ ಕೂಲಿಯ ಮಾತು ಮುಚ್ಚಿಹೋಗುತ್ತೆ, ಅಲ್ವಾ?

2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪಾಲಕರು, ಒಟ್ಟಾರೆ ಅರ್ಧದಷ್ಟು ಹೆಂಗಸರು ಇರಬೇಕು. ನಾನು ನೋಡಿದ ಸಭೆ ಬೆಳಿಗ್ಗೆ ಹನ್ನೊಂದಕ್ಕೆ ಇತ್ತು. ಕಳೆ ತೆಗೆಯುವ ಕಾಲ. ಕೂಲಿ ಬಿಟ್ಟು ಯಾರು ಬರುತ್ತಾರೆ? ಬಂದರೂ ಮನೆಗೆಲಸ ಕಾದಿರುತ್ತೆ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯಲ್ಲಿ, ತಮ್ಮದೇ ಮನೆಯ ಕೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ 289 ನಿಮಿಷ ಕೊಡುತ್ತಾರೆ, ಮಾಡುವ ಗಂಡಸರು 88 ನಿಮಿಷ. ಆ ಸಮೀಕ್ಷೆ 6 ವರ್ಷ ತುಂಬಿದವರಿಂದಲೇ ಲೆಕ್ಕ ಹಿಡಿಯುತ್ತೆ. ಬೇವಿನ ಗಿಡದ ಕೆಳಗಿದ್ದ ಹುಡುಗಿಯೂ ಆ ವಯಸ್ಸಿನವಳೇ.

ಅವಳ ತಮ್ಮನನ್ನು ಅಂಗನವಾಡಿಯಲ್ಲಿ ಬಿಡೋಣ ಅಂದರೆ ಅಲ್ಲಿ ಕೂರಿಸಿಕೊಳ್ಳುವುದು ಮೂರು ತುಂಬಿದ ಮೇಲೆ. ಅದಕ್ಕೂ ಸಣ್ಣ ಮಕ್ಕಳಿಗಾಗಿ 2023ರ ಬಜೆಟ್‌ನಲ್ಲಿ ರಾಜ್ಯ ಸರ್ಕಾರ 4,000 ಗ್ರಾಮ ಪಂಚಾಯಿತಿಗಳಲ್ಲಿ ಕೂಸಿನ ಮನೆ, ಅಂದರೆ ಹಗಲು ಹೊತ್ತು ಕೂಸುಗಳನ್ನು ನೋಡಿಕೊಳ್ಳುವ ಕೇಂದ್ರ, ತೆರೆಯುವುದಾಗಿ ಹೇಳಿತು. ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವ ತಾಯಂದಿರನ್ನು ನೆನೆದು ಮಾಡಿದ ಯೋಜನೆ ಅದು. ಕೂಸು ಹಿಡಿಯುವ ಅಕ್ಕಂದಿರು ಶಾಲೆಯಲ್ಲಿ ಕೂತು ಕಲಿಯುವುದೂ ಅದರ ಮೇಲೇ ನಿಂತಿದೆ.

ಅಕ್ಕೋರು ಆಮೇಲೆ ಪಾಠ ಬದಲಾಯಿಸಿದರು. ಮನೆಯಲ್ಲಿ ಯಾವ ಕೆಲಸ ಯಾರು ಮಾಡುತ್ತಾರೆ ಅಂತ ಮಕ್ಕಳಿಂದಲೇ ಪಟ್ಟಿ ಬರೆಸಿದರು. ಕಸ ಹೊಡೆಯುವ ಪಾಳಿಯಲ್ಲಿ ಹುಡುಗರ ಹೆಸರೂ ಬಂತು. ಮಕ್ಕಳ ಗ್ರಾಮ ಸಭೆ ಬಂದಾಗ ಆ ಹುಡುಗಿ ಎದ್ದು ನಿಂತಳು. ತಮ್ಮ ಬಗಲಲ್ಲೇ ಇದ್ದ, ಮೈಕಿನ ವೈರು ಎಳೆಯುತ್ತಿದ್ದ.

"ನಮ್ಮೂರಾಗ ಕೂಸಿನ ಮನಿ ಯಾವಾಗ ತೆರೀತೀರಿ, ಸರ್?"

ಪಿಡಿಓ ಪೆನ್ನು ತೆಗೆದು ಬರೆದುಕೊಂಡರು. ಹುಡುಗಿ ಕೂರಲಿಲ್ಲ. "ತಾರೀಖು ಹೇಳ್ರಿ" ಅಂದಳು.